ಕಂಬಳಿಯ ಕಾಯಕ, ಮನದ ತೃಪ್ತಿ

ಊಟ ಮುಗಿಸಿ ಕೈ ತೊಳೆದ ಅತಿಥಿಯನ್ನು ನಮ್ಮ ಮನೆಗಳ ತಾಯಂದಿರು "ತೃಪ್ತಿಯಾಯಿತೇ?" ಎಂದು ಕೇಳುವುದುಂಟು. "ಆಯಿತು ತಾಯಿ" ಎಂಬ ಉತ್ತರ ಕೇಳಿದ ಮೇಲೆಯೇ ಅವರು ತಮ್ಮ ಎಲೆಗೆ ಕೂಡುವರು. ಆದರೆ ಸಂಜೆ ದುಡಿದು ದಣಿದು ಮನೆಗೆ ಬಂದ ಮಗನನ್ನೋ ಸೊಸೆಯನ್ನೋ "ಇಂದಿನ ಕೆಲಸ ತೃಪ್ತಿಯಾಯಿತೇ?" ಎಂದು ಕೇಳುವ ವಾಡಿಕೆ ನಮ್ಮಲ್ಲಿ ಬೆಳೆದಿಲ್ಲ. ಸಂಬಳ ಆಯಿತೇ, ಬಡ್ತಿ ಬಂತೇ, ವರ್ಗವಾಯಿತೇ ಎಂದು ಕೇಳುತ್ತೇವೆ. ಕೇಳುವುದು ತಪ್ಪಲ್ಲ, ಒಲೆ ಉರಿಯಬೇಕಾದರೆ ಸಂಬಳ ಬೇಕು. ಆದರೂ ದಿನದ ಎಂಟು ಹತ್ತು ತಾಸುಗಳನ್ನು ಯಾವುದಕ್ಕೆ ಮೀಸಲಿಡುತ್ತೇವೆಯೋ ಅದರ ತೃಪ್ತಿಯನ್ನು ವಿಚಾರಿಸದೆ, ಅರ್ಧ ತಾಸಿನ ಊಟದ ತೃಪ್ತಿಯನ್ನು ಮಾತ್ರ ವಿಚಾರಿಸುವುದು ವಿಚಿತ್ರವೇ ಸರಿ.

ಈ ವಿಚಾರ ನಮ್ಮ ಮನಸ್ಸಿನಲ್ಲಿ ಬೇರೂರಿದ್ದು ಚಳ್ಳಕೆರೆಯ ಸೀಮೆಯಲ್ಲಿ. ಚಿತ್ರದುರ್ಗ ಜಿಲ್ಲೆಯ ಈ ತಾಲ್ಲೂಕು ನಾಡಿನ ಅತ್ಯಂತ ಒಣ ಪ್ರದೇಶಗಳಲ್ಲಿ ಒಂದು. ವರ್ಷದ ಮಳೆ ಸರಾಸರಿ 500 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಬಂದರೆ ಶೇಂಗಾ, ಬಾರದಿದ್ದರೆ ಆಕಾಶ ನೋಡುತ್ತ ಕೂಡುವುದು. ಶೇಂಗಾ ಬೆಳೆದ ಕಾಲದಲ್ಲಿ ಚಳ್ಳಕೆರೆ ಪಟ್ಟಣವು ಎಣ್ಣೆ ಗಿರಣಿಗಳಿಂದ ಹೆಸರು ಗಳಿಸಿತು. ಆದರೆ ಎಣ್ಣೆಗಿಂತ ಹಳೆಯದಾದ ಇನ್ನೊಂದು ಕಾಯಕ ಈ ಸೀಮೆಯಲ್ಲಿದೆ. ಅದು ಕರಿಯ ಕಂಬಳಿಯದು. ದೊಡ್ಡಉಳ್ಳಾರ್ತಿ ಮತ್ತು ಅದರ ಸುತ್ತಿನ ಹಳ್ಳಿಗಳು ಕುರಿಗಳ ಸೀಮೆಗೆ, ಕಾವಲಿನ ಸೀಮೆಗೆ ಸೇರಿದವು. ಬೆಳಗಿನ ಹೊತ್ತು ಆ ದಾರಿಯಲ್ಲಿ ಹೋದವರಿಗೆ ಕುರಿಯ ಮಂದೆಯೂ ಅದರ ಹಿಂದೆ ಹೆಗಲಿಗೆ ಕಂಬಳಿ, ಕೈಗೆ ಕೋಲು ಹಿಡಿದ ಕುರಿಗಾಹಿಯೂ ಎದುರಾಗದೆ ಇರುವುದಿಲ್ಲ.

ಕಂಬಳಿಯನ್ನು ಎಲ್ಲರೂ ಕಂಡಿದ್ದಾರೆ. ಅದು ಆಗುವ ಬಗೆಯನ್ನು ಕಂಡವರು ಕಡಿಮೆ. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ, ಓದುಗರು ಬೇಸರಿಸಬಾರದು.

ದಖ್ಖನಿ ತಳಿಯ ಕುರಿಯ ಉಣ್ಣೆ ಒರಟು. ಹೊರದೇಶದ ಮೆರಿನೋ ಕುರಿಯದರಂತೆ ಮೃದುವಲ್ಲ, ಬೆಳ್ಳಗಿರುವುದಿಲ್ಲ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ; ಒಂದು ಕುರಿಯಿಂದ ದೊರೆಯುವುದು ತೀರ ಸ್ವಲ್ಪ. ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಕೂಡಬೇಕು. ಕತ್ತರಿಸಿದ್ದನ್ನು ಕಸ ಮುಳ್ಳು ತೆಗೆದು, ಬಣ್ಣ ನೋಡಿ ಬೇರ್ಪಡಿಸಿ, ಹಿಂಜಿ ಹಗುರ ಮಾಡಬೇಕು. ಆ ಮೇಲೆ ನೂಲುವ ಕೆಲಸ. ಇದು ಬಹುತೇಕ ಹೆಂಗಸರದು. ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಜಗಲಿಯ ನೆರಳಿನಲ್ಲಿ ರಾಟೆಯ ಮುಂದೆ ಕೂತವರ ಕೈಯಿಂದ ಎಳೆ ಬರುತ್ತಲೇ ಇರುತ್ತದೆ, ಬಾಯಿಂದ ಊರಿನ ಸುದ್ದಿಯೂ ಬರುತ್ತಲೇ ಇರುತ್ತದೆ. ನೂಲಿನಲ್ಲಿ ಗಂಟು ಬಿದ್ದಾಗ ಮಾತ್ರ ಸುದ್ದಿ ನಿಲ್ಲುವುದು.

ನೂಲು ಸಾಕಷ್ಟಾದ ಮೇಲೆ ಹಾಸು ಹಾಕುತ್ತಾರೆ. ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚುವುದು ಈ ಕಾಯಕದ ಮರ್ಮ. ಹುಣಸೆಬೀಜವನ್ನು ಹುರಿದು, ಸಿಪ್ಪೆ ಬಿಡಿಸಿ, ಬೀಸಿ, ನೀರಿನಲ್ಲಿ ಕುದಿಸಿ ಮಾಡುವ ಈ ಗಂಜಿಯನ್ನು ಬಯಲಿನಲ್ಲಿ ಉದ್ದಕ್ಕೆ ಹರವಿದ ಎಳೆಗಳ ಮೇಲೆ ಕುಂಚದಿಂದ ಸವರಿ ಬಿಸಿಲಿಗೆ ಬಿಡಬೇಕು. ಎಳೆಗೆ ಬಿಗಿ ಬರುವುದು ಇದರಿಂದ. ಉಣ್ಣೆಯಲ್ಲಿ ಸಹಜವಾಗಿರುವ ಜಿಡ್ಡು, ಮೇಲೆ ಈ ಗಂಜಿಯ ಬಿಗುವು, ಎರಡೂ ಸೇರಿ ಕಂಬಳಿಯು ಸಣ್ಣ ಮಳೆಯ ಹನಿಯನ್ನು ಒಳಗೆ ಬಿಡದೆ ಜಾರಿಸುತ್ತದೆ. ಕೊನೆಗೆ ಗುಂಡಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರ, ಕಾಲಿನಿಂದ ಹಲಗೆ ಒತ್ತುತ್ತ, ಕೈಯಿಂದ ಲಾಳಿ ಓಡಿಸುತ್ತ, ಒಂದೊಂದೇ ಹೊಕ್ಕನ್ನು ಬಡಿದು ಕೂರಿಸುತ್ತಾನೆ.

ಕೆಲವು ವರ್ಷಗಳ ಹಿಂದೆ ಪ್ರವಚನದ ನಿಮಿತ್ತ ಆ ಕಡೆಗೆ ಹೋದಾಗ ಇಂತಹ ಒಂದು ಮಗ್ಗದ ಬಳಿ ನಾವು ಒಂದು ಮಧ್ಯಾಹ್ನ ಕೂತಿದ್ದೆವು. ನೇಯುತ್ತಿದ್ದವರು ಎಪ್ಪತ್ತು ದಾಟಿದ ಹಿರಿಯರು. ಒಂದು ಗೇಣಿನಷ್ಟು ನೇಯ್ದ ಮೇಲೆ ಅಂಚಿನಲ್ಲಿ ಏನೋ ಕಂಡು, ಅಷ್ಟನ್ನೂ ಬಿಚ್ಚತೊಡಗಿದರು. ನಮ್ಮ ಕಣ್ಣಿಗೆ ಯಾವ ದೋಷವೂ ಕಾಣಲಿಲ್ಲ.

"ಯಜಮಾನರೇ, ಕೊಳ್ಳುವವನಿಗೆ ಇದು ಕಾಣುತ್ತದೆಯೇ?" ಎಂದೆವು.

"ಸಂತೇಲಿ ಕಾಣಂಗಿಲ್ಲ ಅಯ್ಯನೋರೆ. ಮಳೇಲಿ ಹೊದ್ದೋನಿಗೆ ಗೊತ್ತಾಗ್ತದೆ" ಎಂದರು, ತಲೆ ಎತ್ತದೆ.

ಬಿಚ್ಚಿದ್ದಕ್ಕೆ ಅವರ ಮುಖದಲ್ಲಿ ಸಿಟ್ಟಾಗಲಿ ಬೇಸರವಾಗಲಿ ಇರಲಿಲ್ಲ. ಬಿಚ್ಚಿ ಮತ್ತೆ ನೇಯ್ದರು. ಬಳಿಕ ಮಗ್ಗದಿಂದ ಮೇಲೆದ್ದು, ಹೊಸ್ತಿಲ ಮೇಲೆ ಕೂತು, ಮನೆಯವರು ಕೊಟ್ಟ ಮಜ್ಜಿಗೆ ಕುಡಿದು, ಏನೂ ಮಾಡದೆ ಸ್ವಲ್ಪ ಹೊತ್ತು ಬಿಸಿಲನ್ನು ನೋಡುತ್ತ ಕೂತರು. ಗೋಡೆಯ ನೆರಳು ಅಂಗಳದ ಕಲ್ಲಿಗೆ ಬಂದಾಗ ತಾವಾಗಿಯೇ ಎದ್ದು ಮಗ್ಗಕ್ಕೆ ಇಳಿದರು. ಆ ಕೂತ ಹೊತ್ತು ಅವರ ಪಾಲಿಗೆ ಆಲಸ್ಯವಾಗಿರಲಿಲ್ಲ, ಕೆಲಸವೂ ಆಗಿರಲಿಲ್ಲ. ಅದಕ್ಕೆ ತಕ್ಕ ಹೆಸರನ್ನು ನಾವು ಮಠದಲ್ಲಿ ಓದಿದ ಶಾಸ್ತ್ರಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಜನ ಅದನ್ನು 'ದಣಿವಾರಿಸಿಕೊಳ್ಳುವುದು' ಎನ್ನುತ್ತಾರೆ. ದಣಿದವನಿಗೆ ಮಾತ್ರ ದಕ್ಕುವ ಸುಖ ಅದು. ದಿನವಿಡೀ ಕೂತವನಿಗೆ ಮತ್ತೆ ಕೂತರೆ ಏನು ಸಿಕ್ಕೀತು?

ಶರಣರ ವಿಷಯಕ್ಕೆ ಬರೋಣ. ಕಾಯಕವನ್ನೂ ಕೈಲಾಸವನ್ನೂ ಒಂದಾಗಿಸಿದ ಪ್ರಸಿದ್ಧ ಮಾತು ಬಸವಣ್ಣನವರದೆಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿದ್ದೇವೆ. ಅದು ಆಯ್ದಕ್ಕಿ ಮಾರಯ್ಯನವರ ವಚನದ ಮಾತು. ಕಾಯಕದಲ್ಲಿ ತೊಡಗಿದವನು ಗುರು ಎದುರಿಗೆ ಬಂದರೂ ಲಿಂಗಪೂಜೆಯ ಹೊತ್ತಾದರೂ ಅದನ್ನು ಮರೆತಿರಬೇಕೆಂಬಷ್ಟು ದೂರ ಆ ವಚನ ಹೋಗುತ್ತದೆ. ಹೇಳಿದವರು ಕಲ್ಯಾಣದಲ್ಲಿ ಶರಣರ ಮನೆಗಳ ಮುಂದೆ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದವರು. ಅವರ ಮಡದಿ ಲಕ್ಕಮ್ಮನವರ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಆ ತಾಯಿ ನೋಡಿದೊಡನೆ, ಇದು ನಮ್ಮ ಅಳತೆಯದಲ್ಲ, ಹೆಚ್ಚಿನದನ್ನು ತಂದ ಜಾಗಕ್ಕೇ ಹಾಕಿ ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು.

ಇಲ್ಲಿ ನಾವು ಸಾಮಾನ್ಯವಾಗಿ ತ್ಯಾಗವನ್ನು ಕಾಣುತ್ತೇವೆ. ಆದರೆ ಲಕ್ಕಮ್ಮನವರಿಗೆ ತಮ್ಮ ಮನೆಯ ಅಳತೆ ಗೊತ್ತಿತ್ತು ಎಂಬುದನ್ನು ಗಮನಿಸುವವರು ಕಡಿಮೆ. ಬೊಗಸೆಯನ್ನು ನೋಡಿಯೇ ಇದು ಹೆಚ್ಚು ಎಂದು ಹೇಳಬಲ್ಲವಳು ದಿನವೂ ಆ ಅಕ್ಕಿಯನ್ನು ಅಳೆದು, ಬೇಯಿಸಿ, ಬಡಿಸಿ, ಎಷ್ಟಕ್ಕೆ ಎಷ್ಟು ಎಂದು ಕೈಯಿಂದ ಬಲ್ಲವಳು. ತೃಪ್ತಿ ಎಂಬುದು ಆಸೆಯನ್ನು ಹಿಸುಕಿ ಹುಟ್ಟಿಸುವ ಭಾವವೆಂದು ನಾವು ತಿಳಿದಿಲ್ಲ. ತನ್ನ ಕೆಲಸವನ್ನು ಚೆನ್ನಾಗಿ ಬಲ್ಲವನಿಗೆ ಅದರ ಅಳತೆಯೂ ತಿಳಿದಿರುತ್ತದೆ. ಮಗ್ಗದ ಹಿರಿಯರಿಗೆ ಗೇಣು ಬಿಚ್ಚಬೇಕೆಂಬುದೂ ಗೊತ್ತು, ಇನ್ನು ಸಾಕು ಏಳಬೇಕೆಂಬುದೂ ಗೊತ್ತು. ಇಂದು ಪಟ್ಟಣಗಳ ದೊಡ್ಡ ಕಚೇರಿಗಳಲ್ಲಿ ಕೈತುಂಬ ಸಂಬಳ ಪಡೆಯುವ ನಮ್ಮ ಮಕ್ಕಳು ರಾತ್ರಿ ಹನ್ನೊಂದಕ್ಕೂ ಮೊಬೈಲ್ ತೆರೆದು ಕಚೇರಿಯ ಸಂದೇಶ ನೋಡುತ್ತಾರೆ. ಅವರಿಗೆ ಆಸೆ ಹೆಚ್ಚೆಂದು ಹಿರಿಯರು ಬೈಯುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಅವರ ಕೆಲಸ ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ತೋರಿಸುವ ಅಂಚೇ ಅದಕ್ಕೆ ಇಲ್ಲ. ಕಂಬಳಿಗೆ ನಾಲ್ಕು ಅಂಚುಗಳಿವೆ.

ನುಲಿಯ ಚಂದಯ್ಯನವರ ಪ್ರಸಂಗ ಇದಕ್ಕೂ ಬಿಗಿಯಾದುದು. ಕೆರೆಯಲ್ಲಿ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವರ ಕಾಯಕ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಅವರು ತಿರುಗಿ ನೋಡದೆ ಹುಲ್ಲಿನ ಹೊರೆ ಹೊತ್ತು ನಡೆದರು. ಲಿಂಗವೇ ಅವರ ಬೆನ್ನು ಹತ್ತಿ ಬಂದಿತೆಂದು ಕಥೆ. ಕೊನೆಗೆ ಲಿಂಗಯ್ಯನೂ ಕಾಯಕ ಮಾಡಬೇಕೆಂದು ಹಗ್ಗ ಮಾರಲು ಕಳುಹಿಸಿದರಂತೆ. ಬಸವಣ್ಣನವರು ಆ ಹಗ್ಗಕ್ಕೆ ಸಾವಿರ ಹೊನ್ನು ಕೊಟ್ಟರೆ ಚಂದಯ್ಯನವರು ಒಪ್ಪಲಿಲ್ಲ. ಹಗ್ಗಕ್ಕೆ ಹಗ್ಗದ ಬೆಲೆಯೇ ಬರಬೇಕು ಎಂಬುದು ಅವರ ಹಟ. ಈ ಕಥೆಯನ್ನು ಹೇಳುವಾಗ ನಾವು ಸಾವಿರ ಹೊನ್ನನ್ನು ಬೇಡವೆಂದ ದೊಡ್ಡತನವನ್ನಷ್ಟೇ ಕೊಂಡಾಡಿ ಮುಗಿಸಿಬಿಡುತ್ತೇವೆ. ಅದರ ಇನ್ನೊಂದು ಮುಖವನ್ನು ಹೇಳುವುದೇ ಇಲ್ಲ. ಹಗ್ಗದ ಬೆಲೆಗಿಂತ ಹೆಚ್ಚು ಕೊಳ್ಳುವುದು ಅನ್ಯಾಯವಾದರೆ, ಹಗ್ಗದ ಬೆಲೆಗಿಂತ ಕಡಿಮೆ ಕೊಡುವುದು ಎಂತಹ ನ್ಯಾಯ?

ಈ ಪ್ರಶ್ನೆಯನ್ನು ಚಳ್ಳಕೆರೆ ಸೀಮೆಯಲ್ಲಿ ನಿಂತು ಕೇಳಬೇಕು. ಗಿರಣಿಯಲ್ಲಿ ನೇಯ್ದ ಅಗ್ಗದ ಹೊದಿಕೆಗಳು ಲಾರಿಗಟ್ಟಲೆ ಬಂದು ಸಂತೆಗಳನ್ನು ತುಂಬಿವೆ. ಕೈಮಗ್ಗದ ಕಂಬಳಿಯ ಮುಂದೆ ನಿಂತು, ಅದನ್ನು ಮುಟ್ಟಿ ಮೂಸಿ ನೋಡಿ, ಪಕ್ಕದ ಅಂಗಡಿಯ ಹೊದಿಕೆಯ ಬೆಲೆ ಹೇಳಿ ಚೌಕಾಸಿ ಮಾಡುವವರಲ್ಲಿ ಹಣೆಗೆ ವಿಭೂತಿ ಧರಿಸಿದವರೂ ಇರುತ್ತಾರೆ. ಹಿಂಜಿದವರು, ನೂತವರು, ಗಂಜಿ ಮಾಡಿದವರು, ನೇಯ್ದವರು ಎಲ್ಲರ ಕೂಲಿ ಕಳೆದರೆ ಉಳಿಯುವುದು ಏನು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಹೀಗಿರುವಾಗ ನೇಕಾರರ ಮನೆಯ ಹುಡುಗರು ಮಗ್ಗದ ಕುಣಿಗೆ ಇಳಿಯಲು ಒಲ್ಲದಿದ್ದರೆ ಅವರಿಗೆ ಕಾಯಕನಿಷ್ಠೆ ಇಲ್ಲವೆಂದು ನಾವು ಹೇಳಲಾರೆವು.

ಇನ್ನು ಹುಲ್ಲಿನ ಮಾತು. ಉಣ್ಣೆ ಎಂದರೆ ಕುರಿ, ಕುರಿ ಎಂದರೆ ಹುಲ್ಲು. ಈ ಸೀಮೆಯ ಹುಲ್ಲುಗಾವಲುಗಳಿಗೆ ದೊಡ್ಡ ಇತಿಹಾಸವಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ರಾಸುಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು 'ಅಮೃತ ಮಹಲ್' ಎಂದಾಯಿತು. ಆ ರಾಸುಗಳಿಗೆಂದು ಮೀಸಲಿಟ್ಟ ವಿಶಾಲ ಬಯಲುಗಳೇ ಅಮೃತ ಮಹಲ್ ಕಾವಲುಗಳು. ಸುತ್ತಲಿನ ಹಳ್ಳಿಗಳ ದನ ಕುರಿಗಳೂ ತಲೆಮಾರುಗಳಿಂದ ಅಲ್ಲಿ ಮೇದಿವೆ. ಉಳ್ಳಾರ್ತಿ ಕಾವಲು, ವರವು ಕಾವಲು, ಖುದಾಪುರದ ಕಾವಲು ಇವೆಲ್ಲ ಆ ಬಗೆಯವು. 2007ರಿಂದ 2010ರ ಅವಧಿಯಲ್ಲಿ ಈ ಕಾವಲುಗಳಲ್ಲಿ ಸುಮಾರು 10,000 ಎಕರೆ ಭೂಮಿಯನ್ನು ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣುಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಮುಂತಾದವುಗಳಿಗೆ ಕೊಡಲಾಯಿತು. ಗೋಡೆಗಳು ಎದ್ದವು. ದೊಡ್ಡಉಳ್ಳಾರ್ತಿಯ ಮತ್ತು ನೆರೆಯ ಊರುಗಳ ಜನ ಗೋಡೆಯನ್ನು ಕಂಡ ಮೇಲೆಯೇ ಸಂಗತಿ ತಿಳಿದರು. ಹೋರಾಟವಾಯಿತು, ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೆ ವ್ಯಾಜ್ಯ ಹೋಯಿತು, 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಯೋಜನೆಗಳು ಮುಂದುವರಿದವು.

ವಿಜ್ಞಾನಿಗಳ ಕಾಯಕವನ್ನು ನಾವು ಹಗುರವಾಗಿ ಕಾಣುವವರಲ್ಲ. 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ಕ್ಷೇತ್ರ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ರಾಕೆಟ್ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ ಅದು ತಾನಾಗಿ ಓಡುಹಾದಿಗೆ ಬಂದು ಇಳಿಯಿತು. 2024ರಲ್ಲಿ 'ಪುಷ್ಪಕ' ಎಂಬ ಹೆಸರಿನಿಂದ ಮತ್ತೆರಡು ಸಲ ಇಳಿಯಿತು. ಖುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಾಡಿನ ಶಾಲಾ ಶಿಕ್ಷಕರಿಗೆ ತರಬೇತಿಯೂ ನಡೆಯುತ್ತಿದೆ. ಇವು ಹೆಮ್ಮೆಯ ಸಂಗತಿಗಳೇ. ಆದರೆ ಕುರಿಗೆ ಪುಷ್ಪಕವನ್ನು ಮೇಯಿಸಲಾಗದು. ಕಾವಲನ್ನು ಕಳೆದುಕೊಂಡವನ ಮುಂದೆ ನಿಂತು "ಇದ್ದುದರಲ್ಲಿ ತೃಪ್ತಿಪಡು" ಎಂದು ಪ್ರವಚನ ಹೇಳುವುದು ಶರಣಧರ್ಮವೆಂದು ನಾವು ಒಪ್ಪುವುದಿಲ್ಲ. ಲಕ್ಕಮ್ಮನವರ 'ಸಾಕು' ಲಕ್ಕಮ್ಮನವರ ಬಾಯಿಂದಲೇ ಬಂದದ್ದು. ಕಣಜ ತುಂಬಿದವರು ಬಂದು ಆಕೆಗೆ 'ನಿನಗಿಷ್ಟು ಸಾಕು' ಎಂದಿದ್ದರೆ ಅದು ಬೇರೆಯದೇ ಮಾತಾಗುತ್ತಿತ್ತು. ನಮ್ಮ ವೇದಿಕೆಗಳಲ್ಲಿ ಕಾಯಕದ ಹೆಸರಿನಲ್ಲಿ ಈ ಎರಡನೆಯ ಮಾತು ಆಗಾಗ ನುಸುಳುವುದನ್ನು ಕೇಳಿದಾಗ ನಮಗೆ ಸಂಕಟವಾಗುತ್ತದೆ.

ಇದೇ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಈ ವಿಷಯದಲ್ಲಿ ಸ್ಪಷ್ಟವಾಗಿದ್ದರು. ಸುತ್ತಲ ಜನರನ್ನು ಕೂಡಿಸಿ ಕೆರೆಗಳನ್ನು ಕಟ್ಟಿಸಿದ ಸಂತರೆಂದು ಜನ ಅವರನ್ನು ಇಂದಿಗೂ ಸ್ಮರಿಸುತ್ತಾರೆ. ಮಾಡಿದಷ್ಟಕ್ಕೆ ತಕ್ಕ ಭಿಕ್ಷೆ ಎಂಬ ಅವರ ತತ್ತ್ವ ಆ ಸೀಮೆಯಲ್ಲಿ ದನ ಕಾಯುವ ಹುಡುಗನಿಗೂ ಗೊತ್ತು. ದುಡಿಯದವನಿಗೆ ಅದು ಎಚ್ಚರಿಕೆ. ದುಡಿಸಿಕೊಂಡವನಿಗೂ ಎಚ್ಚರಿಕೆ: ಮಾಡಿದಷ್ಟನ್ನು ಕೊಡಲೇಬೇಕು. ಕೂಲಿ ಸರಿಯಾಗಿ ಕೈಸೇರಿದ ಸಂಜೆಯಲ್ಲಿ ಹೊಸ್ತಿಲ ಮೇಲೆ ಕೂತು ಮಜ್ಜಿಗೆ ಕುಡಿಯುವ ನೆಮ್ಮದಿಗೂ, ಕೂಲಿ ಬಾಕಿ ಉಳಿದ ಸಂಜೆಯಲ್ಲಿ ಅದೇ ಹೊಸ್ತಿಲ ಮೇಲೆ ಕೂಡುವುದಕ್ಕೂ ಅಂತರವಿದೆ. ಮನಸ್ಸನ್ನು ಎಷ್ಟೇ ಹದಗೊಳಿಸಿದರೂ ಆ ಅಂತರ ಅಳಿಯದು, ಅಳಿಯಲೂಬಾರದು.

ನೆರೆಯ ಮೊಳಕಾಲ್ಮುರಿನ ರೇಷ್ಮೆ ಸೀರೆಗೂ ಇದೇ ಮಾತು ಸಲ್ಲುತ್ತದೆ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮಾನ್ಯತೆಯ ಪತ್ರ ಗೋಡೆಯ ಮೇಲಿದ್ದರೆ ಸಾಲದು, ಮಗ್ಗದ ಮನೆಯ ಒಲೆಯಲ್ಲೂ ಅದರ ಗುರುತು ಕಾಣಬೇಕು.

ಮನೆಗಳ ಒಳಗಿನ ಕಾಯಕವನ್ನು ಕುರಿತು ಒಂದೆರಡು ಮಾತು ಹೇಳದೆ ಈ ಲೇಖನ ಮುಗಿಸಲಾರೆವು. ರೊಟ್ಟಿ ತಟ್ಟುವ ತಾಯಿಗೆ ಸಂಬಳವಿಲ್ಲ, ಬಡ್ತಿಯಿಲ್ಲ, ನಿವೃತ್ತಿಯೂ ಇಲ್ಲ. ಆಕೆ ದಣಿವಾರಿಸಿಕೊಳ್ಳುವ ಹೊತ್ತು ಯಾವುದು ಎಂದು ಮನೆಯ ಗಂಡಸರನ್ನು ಕೇಳಿ ನೋಡಿ, ಹಲವರು ಉತ್ತರಿಸಲಾರರು. ಶಿವಪೂಜೆಗೆ ನಮ್ಮಲ್ಲಿ ಹೊತ್ತು ಗೊತ್ತುಮಾಡಿಕೊಂಡಿದ್ದೇವೆ. ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯ ಲಿಂಗವನ್ನು ನೋಡುತ್ತ ಕೂಡುವ ಆ ಕೆಲವು ನಿಮಿಷಗಳಲ್ಲಿ ಯಾರೂ ನಮ್ಮನ್ನು ಕರೆಯಬಾರದೆಂದು ಬಯಸುತ್ತೇವೆ. ಅದೇ ಹೊತ್ತಿನಲ್ಲಿ ಒಳಗೆ ಪ್ರಸಾದ ಸಿದ್ಧವಾಗುತ್ತಿರುತ್ತದೆ. ಆಕೆಯ ಪೂಜೆಯ ನಿಮಿಷಗಳಲ್ಲಿ ಆಕೆಯನ್ನು ಕರೆಯದಿರುವ ಮರ್ಯಾದೆ ಎಷ್ಟು ಮನೆಗಳಲ್ಲಿದೆ? ಲಿಂಗದ ಮುಂದೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದ ಧರ್ಮದವರು ನಾವು. ಅಡುಗೆಮನೆಯಲ್ಲಿ ಅರ್ಧ ತಾಸು ಮಗ ನಿಂತರೆ ತಾಯಿ ಹೊಸ್ತಿಲ ಮೇಲೆ ಅರ್ಧ ತಾಸು ಕೂತಾಳು. ಊಟದ ಹೊತ್ತಿಗೆ ಟಿ.ವಿ., ಮೊಬೈಲ್‌ಗಳನ್ನು ಬದಿಗಿರಿಸಿ, ಮೊದಲ ತುತ್ತಿನ ರುಚಿಯನ್ನು ಮಾಡಿದವರಿಗೆ ಹೇಳುವ ರೂಢಿಯನ್ನೂ ಮನೆಮಂದಿ ಇಟ್ಟುಕೊಳ್ಳಬಹುದು. ಉಪ್ಪು ಕಡಿಮೆಯಾದ ದಿನ ಮಾತ್ರ ಬಾಯಿ ಬಿಡುವುದು ನಮ್ಮ ಗಂಡಸರ ಹಳೆಯ ಅಭ್ಯಾಸ.

ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿಯ ಜಾತ್ರೆಗೆ ಹೋಗುವ ಓದುಗ ಬಂಧುಗಳು ಅನೇಕರಿದ್ದಾರೆ. ಮದುವೆ ಶುಭಕಾರ್ಯಗಳಲ್ಲಿ ಹಾಸಲೆಂದೋ ಪೂಜೆಗೆ ಗದ್ದುಗೆಯಾಗಿಯೋ ಕಂಬಳಿ ಬೇಕೆನ್ನುವವರೂ ಇದ್ದಾರೆ. ಕೊಳ್ಳುವುದಾದರೆ ಆ ಸೀಮೆಯ ಕೈಮಗ್ಗದ್ದನ್ನೇ ಕೊಳ್ಳಿರಿ. ಅಂಚಿನ ಒಂದು ಎಳೆಯನ್ನು ಬಿಡಿಸಿಕೊಂಡು ಬೆಂಕಿಗೆ ಹಿಡಿದರೆ ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಬೂದಿಯಾಗಿ ಉದುರುತ್ತದೆ. ಕೃತಕ ನೂಲಾದರೆ ಕರಗಿ ಗುಂಡಗೆ ಗಟ್ಟಿಯಾಗುತ್ತದೆ. ಹೊಸ ಕಂಬಳಿ ಮೈಗೆ ಚುಚ್ಚುತ್ತದೆ, ಸ್ವಲ್ಪ ವಾಸನೆಯೂ ಇರುತ್ತದೆ. ಅದು ದೋಷವಲ್ಲ, ಬಳಸಿದಂತೆ ಮೆತ್ತಗಾಗುತ್ತದೆ. ಬಿಸಿನೀರಿನಲ್ಲಿ ನೆನೆಸಬೇಡಿರಿ, ಉಣ್ಣೆ ಕುಗ್ಗುತ್ತದೆ. ತಿಂಗಳಿಗೊಮ್ಮೆ ಬಿಸಿಲಿಗೆ ಹರವಿ, ಕೊಡವಿ, ಒಣಗಿದ ಬೇವಿನ ಸೊಪ್ಪನ್ನು ಮಡಿಕೆಗಳ ನಡುವೆ ಇಟ್ಟು ಎತ್ತಿಡಿರಿ. ಬೆಲೆಯ ವಿಷಯದಲ್ಲಿ ನುಲಿಯ ಚಂದಯ್ಯನವರನ್ನು ನೆನೆದು, ನೇಯ್ದವರು ಹೇಳಿದ್ದನ್ನು ಕೊಟ್ಟು ಬನ್ನಿರಿ.